ಹೆಬ್ಬೆರಳಿಗೆ ಅಂಟದ್ದು

ಆಗಸ್ಟ್ 6, 2018, ಸೋಮವಾರ

ಮತ್ತೆ ನಾಲ್ಕು ವಾಪಸ್ ಕೊಟ್ಟೆ. ಅಂಟು. ನೋಡಲು ಗಾಜಿನ ಹಾಗೆ ಇರುತ್ತವೆ, ಹೆಬ್ಬೆರಳು ಒತ್ತಿ ಎತ್ತಿದರೆ ಚರ್ಮ ಎಳೆಯುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು ಬಾಯಿಗೆ ಹಾಕಿಕೊಂಡು ಮಲಗುವ ನೈಟ್ ಗಾರ್ಡ್ ಇವು. ಇಂಥದ್ದನ್ನು ಇನ್ನೊಬ್ಬರ ಬಾಯಿಗೆ ಹೇಗೆ ಕಳಿಸುವುದು?

ಯಜಮಾನರು ಇದ್ದಾಗ ಕಟ್ಟಿದ ಹಲ್ಲನ್ನು ಕುದಿಯುವ ನೀರಿನಲ್ಲಿ ಬೇಯಿಸುತ್ತಿದ್ದೆವು. ತೆಗೆದಾಗ ಕಲ್ಲು. ಈಗ ತ್ರೀಡಿ ಪ್ರಿಂಟರ್ ದ್ರವ ಪ್ಲಾಸ್ಟಿಕ್ಕಿನಂಥ ರೆಸಿನ್‌ನಲ್ಲಿ ಮಾಡುತ್ತದೆ. ಸೊಸೆ ಶಶಿರೇಖಾ ಸ್ಪಿರಿಟ್‌ನಲ್ಲಿ ತೊಳೆದು ಲೈಟಿನ ಮಷಿನ್‌ಗೆ ಇಡುತ್ತಾಳೆ. ಅದು ಮಿಂಚಿನ ಹಾಗೆ ಬೆಳಕು ಹೊಡೆದು ಗಟ್ಟಿ ಮಾಡಬೇಕು. ಒಳಗೆ ಗಟ್ಟಿ, ಮೇಲೆ ಅಂಟು. ಗ್ಲಿಸರಿನ್‌ನಲ್ಲಿ ಮುಳುಗಿಸಿಯೂ ನೋಡಿದರು. ಮೈತುಂಬ ಗುಳ್ಳೆ ಗುರುತು.

ಯಜಮಾನರು ಅಬ್ಬಿಗೆರೆಯ ಈ ಮನೆಯ ಕೆಳಗೆ ಹಲ್ಲಿನ ಲ್ಯಾಬ್ ಶುರು ಮಾಡಿದ ದಿನದಿಂದ ನನ್ನ ಹೆಬ್ಬೆರಳು ದಾಟದೆ ಇಲ್ಲಿಂದ ಒಂದು ಹಲ್ಲೂ ಹೋಗಿಲ್ಲ.

"ಗ್ಲೌಸ್ ಹಾಕ್ಕೊಳ್ಳಿ ಅತ್ತೆ. ಬೆರಳು ನೋಡಿ, ಸಿಪ್ಪೆ ಸುಲೀತಿದೆ" ಅಂದಳು.

"ಗ್ಲೌಸ್ ಹಾಕ್ಕೊಂಡು ಮುಟ್ಟಿದ್ರೆ ಗ್ಲೌಸ್‌ಗೆ ಗೊತ್ತಾಗುತ್ತೆ. ನಂಗೇನ್ ಗೊತ್ತಾಗುತ್ತೆ?"

ಮಹೇಂದ್ರ ನಕ್ಕ. ನನ್ನ ಮಗ ಅವಳ ಮುಂದೆ ನಗಬಾರದಿತ್ತು. ಯಾರನ್ನು ನೋಡಿ ನಕ್ಕನೋ ಗೊತ್ತಾಗಲಿಲ್ಲ.

ಆಗಸ್ಟ್ 9

ಊಟದ ಹೊತ್ತಿನಲ್ಲಿ ಸೊಸೆಯ ಪಾಠ. ಗಾಳಿಯಲ್ಲಿರುವ ಆಮ್ಲಜನಕ ತಾಗಿದರೆ ರೆಸಿನ್‌ನ ಮೇಲ್ಪದರ ಗಟ್ಟಿಯಾಗುವುದಿಲ್ಲವಂತೆ. ಮಷಿನ್ ಒಳಗಿನ ಗಾಳಿಯನ್ನು ಓಡಿಸಿ ನೈಟ್ರೋಜನ್ ತುಂಬಬೇಕಂತೆ. ಹಿಂದುಗಡೆ ಅದಕ್ಕೆಂದೇ ತೂತು ಇದೆ. ಸೆಕೆಂಡ್ ಹ್ಯಾಂಡ್ ಮಾರಿದವನು ಪೈಪು ಕೊಟ್ಟಿಲ್ಲ, ಅಷ್ಟೇ.

"ಅದೊಂದ್ ಹಾಕ್ಸಿದ್ರೆ ಅತ್ತೆಗೆ ಈ ಅಂಟು ಮುಟ್ಟೋ, ಉಜ್ಜೋ ಕೆಲ್ಸಾನೇ ಇರಲ್ಲ. ಮೇಲೆ ಆರಾಮಾಗಿರ್ಬೋದು."

"ಹೌದಮ್ಮ, ಸಾಕಲ್ವಾ ದುಡಿದಿದ್ದು" — ಇದು ಮಗ.

ಆರಾಮವಂತೆ. ಕುರ್ಚಿ ಬಿಟ್ಟು ಎದ್ದೇಳು ಎನ್ನುವುದಕ್ಕೆ ಈಗ ಇದೊಂದು ಮಾತು ಬಂದಿದೆ. ಮಜ್ಜಿಗೆ ಅನ್ನ ಬಿಟ್ಟು ಎದ್ದೆ. ಯಾಕೆ ಎಂದು ಇಬ್ಬರೂ ಕೇಳಲಿಲ್ಲ.

ಆಗಸ್ಟ್ 21

ನೈಟ್ರೋಜನ್ ಸಿಲಿಂಡರ್ ಬಂತು. ಬೂದು ಮೈ, ಕಪ್ಪು ಕತ್ತು, ನನ್ನಷ್ಟು ಎತ್ತರ. ಯಶವಂತಪುರದ ಗ್ಯಾಸ್ ಅಂಗಡಿಯ ಖಾದರ್ ಬಾಷಾ ಉರುಳಿಸಿಕೊಂಡು ತಂದು ನನ್ನ ಮೇಜಿನ ಪಕ್ಕದ ಗೋಡೆಗೇ ಸರಪಳಿ ಹಾಕಿ ಕಟ್ಟಿದ. ಇಡೀ ಲ್ಯಾಬ್‌ನಲ್ಲಿ ಬೇರೆ ಜಾಗ ಸಿಗಲಿಲ್ಲ. ಮೀಟರು, ನೀಲಿ ಪೈಪು.

"ಭಯ ಬೇಡಮ್ಮಾ, ಇದಕ್ಕೆ ಬೆಂಕಿ ಹತ್ತಲ್ಲ. ಆದ್ರೆ ಕಿಟಕಿ ಮುಚ್ಬೇಡಿ. ಲೀಕ್ ಆದ್ರೆ ವಾಸ್ನೆ ಬರಲ್ಲ, ಗೊತ್ತೇ ಆಗಲ್ಲ. ನಿದ್ದೆ ಬಂದಂಗೆ ಹೋಗ್ಬಿಡ್ತಾರೆ."

"ಯಾರು ಹೋದ್ರೆ ಯಾರಿಗೆ ಅನುಕೂಲ ಅಂತ ಇಲ್ಲಿ ಕೇಳಪ್ಪ" ಅಂದೆ, ಸೊಸೆಯ ಕಡೆ ನೋಡಿ.

ಅವಳು ಪೈಪು ಸಿಕ್ಕಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಕಿಟಕಿ ತೆಗ್ದೇ ಇರ್ತೀನಿ ಅತ್ತೆ. ಅಷ್ಟು ಸುಲಭಕ್ಕೆ ಕಳಿಸಲ್ಲ."

ಬಾಷಾ ಕೆಮ್ಮಿದ ಹಾಗೆ ಮಾಡಿ ನಕ್ಕ. ಅವನಿಗೆ ಕೊಡಬೇಕೆಂದಿದ್ದ ಕಾಫಿ ಕೊಡಲಿಲ್ಲ.

ಆಗಸ್ಟ್ 23

ಇಂದು ಮೊದಲ ಪರೀಕ್ಷೆ. ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದರು. ಗುಳ್ಳೆ ಏಳಲಿಲ್ಲ. ಗ್ಯಾಸ್ ಬಿಟ್ಟರು. ಬೆಳಕು ಹೊಡೆಯಿತು. ಗಾರ್ಡ್ ತೆಗೆದು ನನ್ನ ಕೈಗೆ ಕೊಟ್ಟರು — ಕೊಡಲೇಬೇಕಲ್ಲ.

ಅಂಟು. ಮೊದಲಿನ ಹಾಗೆಯೇ.

"ಸಿಲಿಂಡರ್‌ಗೆ ಹೂವಿನ ಹಾರ ತರ್ಲೇನಮ್ಮ?" ಅಂದೆ.

ಅವಳು ಮಷಿನ್ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದಳು. ರಾತ್ರಿ ಎರಡು ಮುದ್ದೆ ಉಂಡೆ.

ಸೆಪ್ಟೆಂಬರ್ 3, ಸೋಮವಾರ

ಆಗಿಹೋಯಿತು.

ಒಳಗಿನ ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲವಂತೆ. ಗ್ಯಾಸ್ ಬಂದರೂ ಗಾಳಿಯ ಜೊತೆ ಬೆರೆತು ಕೂರುತ್ತಿತ್ತು. ಇವಳು ಎದುರು ಮೂಲೆಯಲ್ಲಿ ಸಣ್ಣ ತೂತು ಕೊರೆದಿದ್ದಾಳೆ. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಅಂಟಿಸಿದ್ದಾಳೆ. ಗ್ಯಾಸ್ ಸ್ವಲ್ಪ ಹೊತ್ತು ಹರಿಯಲು ಬಿಟ್ಟು ಆಮೇಲೆ ಬೆಳಕು ಹೊಡೆಸಿದಳು.

ನನ್ನ ಹೆಬ್ಬೆರಳು ಜಾರಿತು. ಒರೆಸಿಕೊಂಡು ಮತ್ತೆ ಇಟ್ಟೆ. ಜಾರಿತು. ಎಡಗೈಯಲ್ಲೂ ನೋಡಿದೆ.

"ಹೇಗಿದೆ ಅತ್ತೆ?"

"ಅಂಚು ಒರಟು."

ಅಂಚು ಒರಟಿರಲಿಲ್ಲ.

ಸೆಪ್ಟೆಂಬರ್ 18

ಗಣೇಶನ ಹಬ್ಬ ಮುಗಿಸಿ ಕೆಳಗೆ ಹೋದರೆ ನನ್ನ ಮೇಜಿನ ಮೇಲೆ ಪ್ಯಾಕಿಂಗ್ ಡಬ್ಬಗಳು. ನನ್ನ ಬ್ರಷ್ಷು, ಪಾಲಿಶ್ ಪುಡಿ ಎಲ್ಲ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ.

"ಜಾಗ ಖಾಲಿ ಇತ್ತಲ್ಲಮ್ಮ" ಅಂದ ಮಹೇಂದ್ರ. ಖಾಲಿ!

ಈಗ ಮಷಿನ್‌ನಿಂದ ತೆಗೆದದ್ದು ಸೀದಾ ಡಬ್ಬಕ್ಕೆ. ನನಗೆ ತೋರಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಆರ್.ಟಿ. ನಗರದ ಡಾಕ್ಟರ್ ಕಾಶಿನಾಥ ಫೋನ್ ಮಾಡಿ ಹೊಗಳಿದರಂತೆ. ಯಜಮಾನರು ಸೈಕಲ್ಲಿನಲ್ಲಿ ಹೋಗಿ ಹಿಡಿದುಕೊಂಡು ಬಂದ ಮೊದಲ ಡಾಕ್ಟರ್. ಇಂದಿಗೂ ಅರ್ಧ ಕೆಲಸ ಅವರಿಂದಲೇ. ಅವರು ಹೊಗಳಿದ್ದು ಇವಳನ್ನು.

ಬೆರಳು ವಾಸಿಯಾಗಿದೆ. ಅದನ್ನೂ ಇವಳು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾಳೆ.

ಅಕ್ಟೋಬರ್ 4, ಗುರುವಾರ, ಬೆಳಿಗ್ಗೆ

ನಿನ್ನೆ ಸಂಜೆ ಸೊಸೆ ಬಾಗಲೂರಿಗೆ ತವರಿಗೆ ಹೋದಳು. ಮಷಿನ್ ಮಹೇಂದ್ರನ ಕೈಯಲ್ಲಿ. ಅವನು ಬಟನ್ ಒತ್ತುತ್ತಾನೆ, ಮೀಟರ್ ನೋಡುವವನಲ್ಲ.

ಅವನು ಹಲ್ಲುಜ್ಜುವಾಗ ಕೆಳಗೆ ಹೋಗಿ ಸಿಲಿಂಡರ್ ವಾಲ್ವ್ ತಿರುಗಿಸಿ ಮುಚ್ಚಿ ಬಂದೆ.

ಒಂದೇ ಒಂದು ಅಂಟು ಗಾರ್ಡ್ ಬರಲಿ. ಅವನೇ ಹಿಡಿದುಕೊಂಡು ಮೇಲೆ ಬರಲಿ, ಅಮ್ಮ ನೋಡು ಅನ್ನಲಿ. ಹೆಚ್ಚೇನೂ ಬೇಡ.

ಅದೇ ದಿನ, ಸಂಜೆ

ಬರಲಿಲ್ಲ. ಸಾರು ಇಳಿಸಿ ಕೆಳಗೆ ಹೋದೆ. ಡಾಕ್ಟರ್ ಕಾಶಿನಾಥರ ಗಾರ್ಡ್ ಆಗಲೇ ಹೋಗಿಯಾಗಿತ್ತು.

"ನೋಡಿ ಕಳಿಸ್ದೇನೋ?"

"ಏನ್ ನೋಡೋದಮ್ಮ, ಈಗ ಅಂಟಲ್ವಲ್ಲ."

ಆಗಲೇ ಹೇಳಬಹುದಿತ್ತು. ಫೋನ್ ಮಾಡಿ ತಡೆಯೋ ಅನ್ನಬಹುದಿತ್ತು. ಯಾಕೆ ಎಂದು ಕೇಳುತ್ತಿದ್ದ. ಸೀರೆ ಕೂಡ ಬದಲಿಸದೆ ಆಟೋ ಹತ್ತಿದೆ, ನಾನೇ ಕಿತ್ತುಕೊಂಡು ಬರೋಣ ಎಂದು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತ ಆಟೋ ನಿಂತೇ ಇತ್ತು...

ಡಾಕ್ಟರ ಕ್ಲಿನಿಕ್ಕಿಗೆ ಹೋದಾಗ ಒಂದು ಹೆಣ್ಣುಮಗು — ಕಾಲೇಜಿನವಳು — ಬೇಸಿನ್ ಹತ್ತಿರ ಬಾಯಿ ತೊಳೆಯುತ್ತಿದ್ದಳು. ತುಟಿ ಕೆಂಪಗೆ ಊದಿತ್ತು. ಡಾಕ್ಟರ್ ಗಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನ್ ಮುನಿಯಲ್ಲಮ್ಮನೋರೆ? ಹಾಕಿದ ಕೂಡ್ಲೇ ಉರಿ ಅಂದ್ಲು. ನೋಡಿ, ಅಂಟು ಹಾಗೇ ಇದೆ."

"ಕೊಡಿ, ಬೇರೆ ಮಾಡ್ಕೊಡ್ತೀವಿ."

"ಬೇಡ. ನಿಮ್ಮ ಯಜಮಾನ್ರ ಮುಖ ನೋಡಿ ಇಷ್ಟು ದಿನ ಕೊಟ್ಟೆ. ಇನ್ಮೇಲೆ ಆಗಲ್ಲ. ಯಾರ್ ಮಾಡಿದ್ದಿದು? ಸೊಸೆನಾ?"

ಉತ್ತರ ಕೊಡಲಿಲ್ಲ. ಅವರು ಅದನ್ನೇ ಹೌದು ಎಂದುಕೊಂಡರು. ಆ ಮಗು ಕರವಸ್ತ್ರದಿಂದ ಬಾಯಿ ಒತ್ತಿಕೊಂಡು ನನ್ನನ್ನೇ ನೋಡುತ್ತಿತ್ತು.

ಅಕ್ಟೋಬರ್ 5

ಶಶಿರೇಖಾ ಬಂದು ಬ್ಯಾಗ್ ಕೆಳಗಿಡುವ ಮೊದಲೇ ಮಹೇಂದ್ರ ಶುರು ಮಾಡಿದ. ಡಾಕ್ಟರ್ ಅವನಿಗೂ ಫೋನ್ ಮಾಡಿ ಉಗಿದಿದ್ದರು. ನಿನ್ನ ಗ್ಯಾಸ್ ಕೈಕೊಟ್ಟಿತು ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ. ನಾನು ಬಾಗಿಲಲ್ಲಿ ನಿಂತಿದ್ದೆ.

ಅವಳು ಸಿಲಿಂಡರ್ ಹತ್ತಿರ ಹೋಗಿ ವಾಲ್ವ್ ಮೇಲೆ ಕೈ ಇಟ್ಟಳು. ತಿರುಗಿಸಲು ಎರಡೂ ಕೈ ಬೇಕಾಯಿತು. ನನ್ನ ಕಡೆ ಒಮ್ಮೆ ನೋಡಿ ಅವನ ಕಡೆ ತಿರುಗಿದಳು.

"ನಾನೇ ಮುಚ್ಚಿ ಹೋಗಿದ್ದೆ. ನಿಮ್ಗೆ ಹೇಳೋದು ಮರ್ತೆ."

"ನಾಳೆಯಿಂದ ಕೆಳಗೆ ಬರ್ಬೇಡ ನೀನು. ಅಮ್ಮ ನೋಡ್ಕೋತಾರೆ. ಈ ಗ್ಯಾಸೂ ಬೇಡ, ಬಾಷಾಗೆ ವಾಪಸ್ ಕೊಡ್ತೀನಿ."

ಅಲ್ಲೇ ನನ್ನ ಮೇಜಿನಿಂದ ಡಬ್ಬಗಳನ್ನು ತೆಗೆದ. ಕುರ್ಚಿ ಒರೆಸಿದ.

ಮೆಟ್ಟಿಲ ಮೇಲೆ ಅವಳನ್ನು ತಡೆದೆ. "ಯಾಕೆ ಸುಳ್ಳು ಹೇಳ್ದೆ?"

"ನಾನು ಅಷ್ಟು ಬಿಗಿಯಾಗಿ ತಿರುಗ್ಸಲ್ಲ ಅತ್ತೆ. ಬಾಗಲೂರಿಗೆ ಹೋಗೋವಾಗ ನಾನು ಮುಚ್ಚಿರ್ಲೇ ಇಲ್ಲ."

"ಹಾಗಂತ ಅವನಿಗೇ ಹೇಳ್ಬೇಕಿತ್ತು."

"ಹೇಳಿದ್ರೆ ನಂಬ್ತಿದ್ರಾ? ನಂಬಿದ್ರೂ, ಅಮ್ಮನ್ ಮೇಲೆ ಚಾಡಿ ಹೇಳ್ದೋಳು ಅಂತ ಜೀವನ ಪೂರ್ತಿ ಅಂತಿದ್ರು. ಕೂತ್ಕೊಳ್ಳಿ ಹೋಗಿ. ನಿಮ್ ಕುರ್ಚಿ ನೀವೇ ಇಟ್ಕೊಳ್ಳಿ."

ಪಕ್ಕಕ್ಕೆ ಸರಿದು ಹತ್ತಿ ಹೋದಳು. ಸೆರಗು ಕೂಡ ತಾಗಿಸಲಿಲ್ಲ.

ಅಕ್ಟೋಬರ್ 6

ಕೂತೆ. ಗ್ಯಾಸ್ ಇಲ್ಲದೆ ಮಾಡಿದ ಗಾರ್ಡುಗಳನ್ನು ಮಹೇಂದ್ರ ತಟ್ಟೆಯಲ್ಲಿ ತಂದಿಟ್ಟ. ಎಲ್ಲವೂ ಅಂಟು. ಎಲ್ಲವನ್ನೂ ವಾಪಸ್ ಕೊಟ್ಟೆ. "ನೀನಿಲ್ದಿದ್ರೆ ಕಷ್ಟ ಆಗ್ತಿತ್ತಮ್ಮ" ಅಂದ. ಈ ಮಾತಿಗಾಗಿ ಎಷ್ಟು ದಿನ ಕಾದಿದ್ದೆ. ಕೇಳಿ ಮೈ ಉರಿಯಿತು.

ಮಧ್ಯಾಹ್ನ ಅವಳೇ ಬಡಿಸಿದಳು. ಉಪ್ಪು, ಹುಳಿ ಎಲ್ಲ ಸರಿಯಾಗಿತ್ತು. ಜಗಳವಾಡಿದ್ದರೆ ಉತ್ತರ ಕೊಡುತ್ತಿದ್ದೆ.

ಅಕ್ಟೋಬರ್ 8, ಸೋಮವಾರ, ಬೆಳಿಗ್ಗೆ

ಖಾದರ್ ಬಾಷಾ ಬಂದಿದ್ದಾನೆ. ಸರಪಳಿ ಬಿಚ್ಚುವ ಸದ್ದು ಮೇಲಿನ ತನಕ ಕೇಳಿತು.

ಇವಳನ್ನು ನಾನು ಯಾವತ್ತೂ ಒಪ್ಪಿದ್ದಿಲ್ಲ. ಈಗಲೂ ಒಪ್ಪಿಲ್ಲ. ಎದುರಿಗೆ ನಿಂತು ಸೋತಿದ್ದರೆ ಸಂತೋಷದಿಂದ ಕುರ್ಚಿಯಲ್ಲಿ ಕೂರುತ್ತಿದ್ದೆ. ಇದು ಸೋತದ್ದಲ್ಲ, ಎಸೆದದ್ದು. ತಗೋ ಮುದುಕಿ, ಇಟ್ಟುಕೋ ಎಂದು. ಇನ್ನು ಅವಳು ಬಡಿಸಿದಾಗಲೆಲ್ಲ ನಾನು ತಲೆ ತಗ್ಗಿಸಿ ಉಣ್ಣಬೇಕು. ಅದಾಗದು. ಮಗನ ಮುಂದೆ ಬೇಕಾದರೆ ತಗ್ಗಿಸಿಯೇನು, ಇವಳ ಋಣದಲ್ಲಿ ಒಂದು ತುತ್ತು ಇಳಿಯುವುದಿಲ್ಲ.

ಕಿಟಕಿಯಿಂದ ಬಗ್ಗಿ "ತಾಳಪ್ಪ, ಬಿಚ್ಬೇಡ" ಅಂದೆ.

"ಸಾರ್ ಹೇಳಿದ್ರಲ್ಲಮ್ಮಾ?"

"ನಿಮ್ ಸಾರ್‌ನ ಮೇಲೆ ಕಳ್ಸು."

ಮೊದಲು ಮಗನಿಗೆ ಹೇಳಬೇಕು. ಆಮೇಲೆ ಡಾಕ್ಟರಿಗೆ ಫೋನ್ ಹಚ್ಚಿಸಬೇಕು. ಅವರಿಗೂ ನನ್ನ ಬಾಯಿಂದಲೇ — ವಾಲ್ವ್ ಮುಚ್ಚಿದವಳು ನಾನು, ಅವಳು ಅಂದು ಅಬ್ಬಿಗೆರೆಯಲ್ಲೇ ಇರಲಿಲ್ಲ ಎಂದು. ಕ್ಷಮಿಸಿ ಎಂದು ಇವಳಿಗೆ ಮಾತ್ರ ಹೇಳುವುದಿಲ್ಲ. ಕರೆಯುವುದೂ ಇಲ್ಲ. ಕೇಳಿಸಿಕೊಂಡು ನಗುವುದಾದರೆ ನಗಲಿ.

ಅವನ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು, ಅವಳೂ ಈ ಕಡೆಗೇ ಬರುತ್ತಿದ್ದಾಳೆ. ಬರೆಯುವುದು ಇಲ್ಲಿಗೆ ಸಾಕು.