ಮಾವ ಕೊಟ್ಟ ರಕ್ತ

ಸೇಡಂ, ಫೆಬ್ರವರಿ ಮೂವತ್ತು, 2187

ಹಿಂದಿನ ಕಾಲದವರಿಗೆ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಾವು ತಿಂಗಳುಗಳನ್ನು ಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಪದಗಳೂ ನಿಮಗೆ ಅಪರಿಚಿತವೆನಿಸಿದರೆ ಮನ್ನಿಸಿ. ‘ನೆತ್ತರುಮನೆ’ ಅಂಥದೊಂದು ಪದ. ನಮ್ಮ ಬೀದಿಯಲ್ಲಿ ಅದು ಹಿಟ್ಟಿನ ಗಿರಣಿಯ ಪಕ್ಕದಲ್ಲಿದೆ. ರಕ್ತ ಬೇಕಾದವರ ಕೆಲವು ಹನಿಗಳನ್ನು ತೆಗೆದು, ದೋಷವಿದ್ದರೆ ತಿದ್ದಿ, ಅವರದೇ ರಕ್ತವನ್ನು ಅಲ್ಲಿ ಬೆಳೆಸುತ್ತಾರೆ. ಜನ ಗಿರಣಿಗೆ ಜೋಳ ಹಾಕಿ ಬಂದು, ತೋಳು ಚಾಚಿ ಕೂತು ಹರಟುತ್ತಾರೆ. ಯಾರಿಗೂ ಭಯವಿಲ್ಲ. ನಿಮ್ಮ ಕಾಲದಲ್ಲಿ ಭಯಕ್ಕೆ ಕಾರಣವಿತ್ತು.

ನೀಲಗಂಗಾ ನನ್ನ ಮುತ್ತಜ್ಜಿಯ ಅಜ್ಜಿ, ನಿಮ್ಮ ಕಾಲದವಳು. ಅವಳ ಕಥೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅವಳಿಗೆ ಹುಟ್ಟಿನಿಂದ ಥಲಸ್ಸೀಮಿಯಾ ಇತ್ತು. ಮೈ ತನಗೆ ಬೇಕಾದ ರಕ್ತವನ್ನು ಮಾಡಿಕೊಳ್ಳುತ್ತಿರಲಿಲ್ಲ; ತಿಂಗಳು ತಿಂಗಳೂ ಬೇರೆಯವರ ರಕ್ತ ಹಾಕಿಸಬೇಕಿತ್ತು. ತಾಯಿ ಭಾಗ್ಯವಂತಿ ಅವಳನ್ನು ಬಸ್ಸಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಭಾಗ್ಯವಂತಿಯ ತಮ್ಮ ಶಾಂತಲಿಂಗ ಕಲ್ಲು ಪಾಲಿಶ್ ಮಾಡುವವನು. ಅಕ್ಕನ ಮಗಳಿಗೆ ರಕ್ತ ಕೊಡುವುದೆಂದರೆ ಅವನಿಗೆ ಹಬ್ಬ.

ನೀಲಗಂಗಾಗೆ ಒಂಬತ್ತು ವರ್ಷವಾದಾಗ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಕಂಡಿತು. ಅದು ಯಕೃತ್ತನ್ನು ಸದ್ದಿಲ್ಲದೆ ಕೆಡಿಸುವ ಸೋಂಕು, ಹಾಕಿಸಿಕೊಂಡ ರಕ್ತದಿಂದ ಬಂದಿರಬೇಕು ಎಂದರು ಡಾಕ್ಟರು.

“ಉಳೀಲಿ ಅಂತ ಹಾಕಿಸಿದ ರಕ್ತದಾಗೇ ಜಡ್ಡು ಬಂತಂದ್ರ, ನಾ ಯಾರಿಗೆ ನಂಬ್ಲಿರಿ?” ಎಂದಳು ಭಾಗ್ಯವಂತಿ.

ರಕ್ತ ಕೊಟ್ಟವರನ್ನೆಲ್ಲ ಕರೆಸಿ ಪರೀಕ್ಷಿಸಿದಾಗ ಶಾಂತಲಿಂಗನಲ್ಲೂ ಸೋಂಕಿತ್ತು. ಒಮ್ಮೆ ರಕ್ತ ಕೊಡುವ ಸ್ವಲ್ಪ ಮೊದಲು ಅವನು ಸಂತೆಯಲ್ಲಿ ಕೂತು ಹಲ್ಲು ಕೀಳುವವನ ಹತ್ತಿರ, ಶುಚಿ ಮಾಡದ ಇಕ್ಕಳದಿಂದ ಹಲ್ಲು ಕೀಳಿಸಿಕೊಂಡಿದ್ದ. ಸೋಂಕು ತಗುಲಿದ ಹೊಸತರಲ್ಲಿ ಸಾಮಾನ್ಯ ಪರೀಕ್ಷೆಗೆ ಅದು ಸಿಗುತ್ತಿರಲಿಲ್ಲ. ಹಿಡಿಯಬಲ್ಲ ಸೂಕ್ಷ್ಮ ಪರೀಕ್ಷೆ ನಿಮ್ಮ ಕಾಲದಲ್ಲೇ ಇತ್ತು, ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಅವನಿಂದಲೇ ಬಂತೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ಅವಳ ಮೈಯಲ್ಲಿ ಎಷ್ಟೋ ಜನರ ರಕ್ತವಿತ್ತು. ಆದರೂ ಅವನು ಅಕ್ಕನ ಮನೆಗೆ ಬರುವುದನ್ನು ಬಿಟ್ಟ. ತನಗೆ ಕೊಟ್ಟ ಗುಳಿಗೆಗಳನ್ನೂ ಮುಟ್ಟಲಿಲ್ಲ.

ಭಾಗ್ಯವಂತಿ ಮಗಳಿಗೆ ಗುಳಿಗೆ ಕೊಟ್ಟಳು, ರಕ್ತ ಮಾತ್ರ ಬೇಡವೆಂದಳು. ವಾರಗಳು ಕಳೆದಂತೆ ಹುಡುಗಿ ಬಿಳಿಚಿಕೊಂಡಳು. ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ದಾರಿ ಬದಲಿಸಿ, ಏದುಸಿರು ಬಿಡುತ್ತ ಮಾವನ ಮನೆ ತಲುಪಿದಳು. ಚೀಲದಲ್ಲಿ ಅವಳ ಗುಳಿಗೆ ಇತ್ತು.

“ಮಾಮಾ, ನೀನೂ ನುಂಗು. ಇಬ್ಬರೂ ಕೂಡಿ ಆರಾಮಾಗೋಣು.”

“ನನ್ನಿಂದೇ ಬಂದದವ್ವ ನಿನಗ.”

“ಇರಲಿ. ಈಗ ನನಗ ನಡಿಲಿಕ್ಕೆ ಆಗವಲ್ದು, ಎತ್ಕೋ.”

ಅವನು ಎತ್ತಿಕೊಂಡ. ಅವಳ ಮೈ ಹಗುರವಾಗಿ, ತಣ್ಣಗಿತ್ತು. ನೇರ ಅಕ್ಕನ ಬಾಗಿಲಿಗೆ ಹೋಗಿ ನಿಂತ.

“ಅಕ್ಕಾ, ಬೈಯೋದಿದ್ರ ನನಗ ಬೈಯಿ. ಇಕಿ ಉಸುರು ಯಾಕ ತೆಗೀತಿ? ನಡಿ, ದವಾಖಾನಿಗೆ.”

ಭಾಗ್ಯವಂತಿ ಮಗಳ ತುಟಿಯ ಬಣ್ಣ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಈ ಸಲ ಸೂಕ್ಷ್ಮ ಪರೀಕ್ಷೆ ಇದ್ದ ಬೇರೊಂದು ಆಸ್ಪತ್ರೆಗೆ ಹೋದರು. ಬಾಟಲಿಯಿಂದ ರಕ್ತ ಇಳಿಯುವಷ್ಟು ಹೊತ್ತೂ ಅವಳು ತಮ್ಮನ ಕೈ ಬಿಡಲಿಲ್ಲವಂತೆ.

ಮೂರು ತಿಂಗಳ ಗುಳಿಗೆಯಿಂದ ಇಬ್ಬರ ಸೋಂಕೂ ಹೋಯಿತು. ಥಲಸ್ಸೀಮಿಯಾ ಹೋಗಲಿಲ್ಲ. ನೀಲಗಂಗಾ ಬದುಕಿದ್ದಷ್ಟು ಕಾಲವೂ ಅಪರಿಚಿತರ ರಕ್ತ ಹಾಕಿಸಿಕೊಂಡಳು, ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು. ಶಾಂತಲಿಂಗ ಮತ್ತೆ ರಕ್ತ ಕೊಡುವಂತಿರಲಿಲ್ಲ. ಕಲ್ಲಿನ ಅಂಗಡಿಯ ಹುಡುಗರನ್ನೆಲ್ಲ ಕರೆದೊಯ್ದು ಕೊಡಿಸುತ್ತಿದ್ದ, ಪರೀಕ್ಷೆ ಯಾವುದೆಂದು ಪ್ರತಿ ಸಲ ಕೇಳುತ್ತಿದ್ದ.

ನೀವೂ ಕೇಳಿ. ಕೇಳಿದ ಮೇಲೆ ಕೊಡಿ. ಈ ಹೊತ್ತು ನಿಮ್ಮ ಊರಿನ ಯಾವುದೋ ವಾರ್ಡಿನಲ್ಲಿ ಒಂದು ಮಗು ತೋಳು ಚಾಚಿ ಕಾಯುತ್ತಿದೆ. ಅದು ಬದುಕಿದರೆ ತಾನೆ ಅದರ ವಂಶದವರು ಇಲ್ಲಿ ನಮ್ಮ ನೆರೆಯವರಾಗುವುದು.

ಇಂತಿ,
ನೀಲಗಂಗಾಳ ವಂಶದ ಸಿದ್ದವ್ವ