ಸ್ಟೂಲ್ ನಾನೇ ಒಯ್ದಿದ್ದೇನೆ

ಅಮ್ಮಾ,

ಅಡುಗೆಮನೆಯ ಸ್ಟೂಲ್ ಹುಡುಕಬೇಡ, ಬಟ್ಟೆ ಅಂಗಡಿಗೆ ಒಯ್ದಿದ್ದೇನೆ. ಮೇಲಿನ ಡಬ್ಬ ಬೇಕಾದರೆ ಅಪ್ಪನನ್ನು ಕರಿ.

ನಿನ್ನೆ ಡಾಕ್ಟರ್ ಪರೀಕ್ಷೆಗಳನ್ನೆಲ್ಲ ನೋಡಿ, ಹೃದಯ, ಕಿಡ್ನಿ ಎರಡೂ ಸರಿಯಾಗಿವೆ, ದಿನಕ್ಕೆ ಹತ್ತು ಗಂಟೆ ನಿಂತೇ ಇದ್ದರೆ ಯಾರ ಕಾಲಾದರೂ ಊದುತ್ತದೆ ಅಂದರು. ಕಾಲಿಗೆ ನೀರು ಇಳಿದಿದೆ ಅಂತ ನೀನು ನನ್ನ ನೀರಿನ ಬಾಟಲಿಯನ್ನೇ ಬಚ್ಚಿಟ್ಟೆಯಲ್ಲ, ಅದನ್ನು ಕೇಳಿ ನಕ್ಕರು. ಕಡಿಮೆ ಮಾಡಬೇಕಾದದ್ದು ಉಪ್ಪಂತೆ, ನೀರಲ್ಲ. ಬಾಟಲಿ ವಾಪಸ್ ಕೊಡು. ಅಡುಗೆಗೆ ಉಪ್ಪು ಕಡಿಮೆ ಹಾಕು, ಅಪ್ಪ ಗೊಣಗಿದರೆ ಮೇಲೆ ಉದುರಿಸಿಕೊಳ್ಳಲಿ. ಮಲಗುವಾಗ ಕಾಲು ಎತ್ತರದಲ್ಲಿಡಬೇಕು, ನಿನ್ನ ಹಳೇ ದಿಂಬು ತೆಗೆದಿಡು.

ಗಿರಾಕಿ ಇಲ್ಲದಾಗ ಕೂರುತ್ತೇನೆ ಅಂತ ಮಾಲೀಕರನ್ನು ಮೂರು ಸಲ ಕೇಳಿದೆ. "ಕೂತವರ ಕೈಯಲ್ಲಿ ವ್ಯಾಪಾರ ಆಗಲ್ಲಮ್ಮ" ಅಂದರು, ಕುರ್ಚಿಯಲ್ಲಿ ಕೂತುಕೊಂಡೇ. ಇವತ್ತು ಕೇಳುವುದಿಲ್ಲ, ಕೂರುತ್ತೇನೆ. ಹೊಂದಿಕೊಂಡು ಹೋಗು ಅಂತ ಫೋನ್ ಮಾಡಬೇಡ. ಹೊಂದಿಕೊಂಡು ಹೊಂದಿಕೊಂಡೇ ನನ್ನ ಚಪ್ಪಲಿ ಎರಡು ನಂಬರ್ ದೊಡ್ಡದಾಗಿದೆ.

ಮಧ್ಯಾಹ್ನವೇ ಮನೆಗೆ ಬಂದರೆ ಕೆಲಸ ಹೋಯಿತು ಅಂತ ತಿಳಿ. ಕ್ಷಮೆ ಕೇಳಿ ಬಾ ಅಂತ ವಾಪಸ್ ಕಳಿಸಬೇಡ, ಊಟ ಬಡಿಸು.