‘ನಿಧಾನ’ ಎಂದು ಬರೆದ ಕಾರ್ಡುಗಳು

ತಾರೀಕು ಹದಿನೇಳು, ಮಂಗಳವಾರ
ಅಡುಗೆಮನೆಯ ಮೇಜು

ಪ್ರೀತಿಯ ಗುಬ್ಬಿಗೆ,

‘ಪ್ರೀತಿಯ’ ಅನ್ನುವುದನ್ನು ಒಮ್ಮೆ ಬರೆದು ಹೊಡೆದುಹಾಕಿದೆ. ಆಮೇಲೆ ಹೊಸ ಹಾಳೆ ತೆಗೆದುಕೊಂಡು ಮತ್ತೆ ಬರೆದೆ. ಇಷ್ಟು ವರ್ಷದ ರೂಢಿ ಒಂದು ವಾರದ ಸಿಟ್ಟಿಗೆ ಹೋಗುವುದಿಲ್ಲ. ಹಾಗಂತ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ.

ಎರಡು ಬೀದಿ ಆಚೆ ಇರುವ ತಂಗಿಗೆ ಅಕ್ಕ ಕಾಗದ ಯಾಕೆ ಬರೆಯುತ್ತಾಳೆ ಎಂದು ನಿನಗೆ ಅನ್ನಿಸಬಹುದು. ಆಪರೇಷನ್ ಆಗಿ ಆರು ವಾರವಾದರೂ ನನ್ನ ಗಂಟಲಿನಿಂದ ಹೊರಡುವುದು ಉಪ್ಪುಕಾಗದ ಉಜ್ಜಿದ ಸದ್ದು. ಎದುರು ಕೂತರೆ ನೀನು ಅಳುತ್ತೀಯ, ನಾನು ಕರಗಿ ನೀರಾಗಿ ನೀನು ಚಾಚಿದ ಕಾಗದಕ್ಕೆ ಸಹಿ ಹಾಕಿಬಿಡುತ್ತೇನೆ. ಇನ್ನು ಫೋನಿನ ಮಾತು ಬಿಡು. ಫೋನಿನಲ್ಲಿ ಮಾತಾಡುತ್ತಿರುವುದು ನಾನೇ ಎಂದು ಇನ್ನು ಮುಂದೆ ಯಾರು ನಂಬಬೇಕು?

ನೀನು ಶನಿವಾರ ಬಾಗಿಲ ಸಂದಿಯಿಂದ ತಳ್ಳಿಹೋದ ಹೇಳಿಕೆ ನನ್ನ ಮುಂದಿದೆ. ‘ಕಳೆದ ತಿಂಗಳ ಇಪ್ಪತ್ತನೇ ತಾರೀಕು ನಾನು ಖುದ್ದಾಗಿ ಫೋನ್ ಮಾಡಿ, ಬೇಕರಿಯ ವಿಮೆ ನವೀಕರಿಸಲು ಕೊನೆಯ ದಿನ ಯಾವುದೆಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿರುತ್ತೇನೆ.’ ಕೆಳಗೆ ನನ್ನ ಸಹಿಗೆ ಪೆನ್ಸಿಲ್ಲಿನ ಗುರುತು, ಪಕ್ಕದಲ್ಲಿ ನಿನ್ನ ಹಳದಿ ಚೀಟಿ: ‘ಅಕ್ಕಾ, ಇದೊಂದು ಮಾಡು. ಇಲ್ಲದಿದ್ರೆ ಏಜೆನ್ಸಿ ಉಳಿಯಲ್ಲ.’ ಓದುತ್ತಾ ಹೋದಂತೆ ಅದರಲ್ಲಿ ನಾನು ಯಾವಾಗಲೂ ಬಳಸುವ ‘ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ’ ಕೂಡ ಸಿಕ್ಕಿತು. ಅಂದರೆ ಇದನ್ನೂ ಆಫೀಸಿನ ಆ ಸಾಫ್ಟ್‌ವೇರಿನ ಕೈಯಲ್ಲೇ ಬರೆಸಿದ್ದೀಯ. ನಾನು ಹೇಳಬೇಕಾದ ಸುಳ್ಳನ್ನು ನನ್ನದೇ ಧಾಟಿಯಲ್ಲಿ ಬರೆಸುವಷ್ಟು ದೂರ ಬಂದೆವಲ್ಲ ಕಣೇ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಆಮೇಲೆ ನಿನ್ನ ಸರದಿ. ಎಐ ಸಾಫ್ಟ್‌ವೇರ್ ಬೇಡವೆಂದು ನಾನು ಹೇಳಲಿಲ್ಲ. ಯಾವ ಒಂದು ಕಂಪನಿಗೂ ಸೇರದೆ, ನಾಲ್ಕಾರು ಕಂಪನಿಗಳ ಪಾಲಿಸಿಗಳಲ್ಲಿ ಜನರಿಗೆ ಹೊಂದುವುದನ್ನು ಹುಡುಕಿಕೊಡುವ ನಮ್ಮಂಥ ಎರಡು ಕುರ್ಚಿಯ ಏಜೆನ್ಸಿಗೆ ಮೂರನೇ ಕೈ ಬೇಕೇಬೇಕಿತ್ತು. ಅದನ್ನು ಮಾರಲು ಬಂದಾತ ನಮ್ಮ ಮುರುಕಲು ಸ್ಟೂಲಿನ ಮೇಲೆ ಕೂತು, ಒಂದು ವಾರದ ಕೆಲಸ ಒಂದೇ ಬೆಳಗಿನಲ್ಲಿ ಮುಗಿಯುತ್ತೆ ಮೇಡಂ ಎಂದಾಗ ನಾನೂ ತಲೆಯಾಡಿಸಿದೆ. ಗ್ರಾಹಕರ ವಿವರ ಬರೆದಿಟ್ಟ ನನ್ನ ಕಾರ್ಡುಗಳನ್ನೆಲ್ಲ ಸ್ಕ್ಯಾನ್ ಮಾಡಲು ಒಪ್ಪಿದವಳೂ ನಾನೇ. ಅದು ನನ್ನ ಹೆಸರಿನಲ್ಲಿ ಪತ್ರ ಬರೆಯುತ್ತದೆಂದೂ ಗೊತ್ತಿತ್ತು. ಜನ ಮೆಚ್ಚಿ ಉತ್ತರ ಬರೆದಾಗ ಆ ಮೆಚ್ಚುಗೆಯನ್ನು ನಾಚಿಕೆಯಿಲ್ಲದೆ ನಾನೇ ಇಟ್ಟುಕೊಂಡೆ. ಆದರೆ ಪತ್ರಕ್ಕೆ ಒಪ್ಪಿದ್ದೆ, ದನಿಗಲ್ಲ.

ಆಪರೇಷನ್ನಿಗೆ ಒಂದು ವಾರ ಮುಂಚೆ ನೀನು ಬಂದ ಆ ಮಧ್ಯಾಹ್ನ ನೆನಪಿದೆಯಾ? ಹಾಲ್‌ನ ಕಿಟಕಿ ನೀನೇ ಮುಚ್ಚಿದೆ, ಫ್ಯಾನ್ ಆರಿಸಿದೆ, ನಾಲ್ಕು ಪುಸ್ತಕ ಪೇರಿಸಿ ರೆಕಾರ್ಡ್ ಮಾಡಲು ಅದರ ಮೇಲೆ ಫೋನ್ ಇಟ್ಟೆ. ಗಂಟಲಿಗೆ ಕತ್ತರಿ ಹಾಕ್ತಾರೆ, ಹೇಗಾಗುತ್ತೋ ಏನೋ, ನಿನ್ನ ದನಿ ನನ್ನ ಹತ್ತಿರ ಇರಲಿ ಅಕ್ಕಾ ಎಂದೆ. ನೀನು ಹಾಸ್ಟೆಲಿನಲ್ಲಿದ್ದಾಗ ನಾನು ಬರೆದಿದ್ದ ಕಾಗದಗಳನ್ನು ನನ್ನ ಕೈಯಲ್ಲೇ ಓದಿಸಿದೆ. ನಾನು ಬೆವರು ಸುರಿಸಿಕೊಂಡು ಎರಡು ಗಂಟೆ ಓದಿದೆ. ನಡುವೆ ಎರಡು ಸಲ ಅತ್ತೆ. ಕೊನೆಗೆ ನೀನು ‘ನಮಸ್ಕಾರ, ವಿಮೆ ಆಫೀಸಿಂದ ಮಾತಾಡ್ತಿದೀನಿ’ ಅಂತ ಒಂದು ಸಲ ಹೇಳು, ‘ಏನೂ ಅವಸರ ಇಲ್ಲ, ನಿಧಾನವಾಗಿ ನೋಡೋಣ’ ಅಂತಲೂ ಹೇಳು ಎಂದಾಗ, ಇದ್ಯಾಕೆ ಬೇಕು ನಿನಗೆ ಎಂದು ನಕ್ಕಿದ್ದೆ. ಅದೇ ನಿಜವಾದ ಅಕ್ಕ ಎಂದೆ ನೀನು. ಆ ಒಂದು ಮಾತನ್ನು ಆಸ್ಪತ್ರೆಯ ಮಂಚದ ಮೇಲೆ ಎಷ್ಟು ದಿನ ಚಪ್ಪರಿಸಿದ್ದೇನೆ ಗೊತ್ತಾ? ನನ್ನ ಕಿವಿಗೆ ಹೂವಿಟ್ಟವಳು ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ.

ಬೇಕರಿಗೆ ಬೆಂಕಿ ಬಿದ್ದದ್ದು ಎಂಟನೇ ತಾರೀಕು, ಭಾನುವಾರ ಮಧ್ಯಾಹ್ನ. ಅವರ ವಿಮೆ ಮುಗಿದು ಎಂಟು ದಿನವಾಗಿತ್ತು. ನೀನು ನನ್ನ ಮನೆಗೆ ಬಂದು, ತೊದಲುತ್ತಾ, ‘ಅವರೇ ಫಾರ್ಮ್‌ಗೆ ಸಹಿ ಹಾಕಿ ಕಳಿಸಲಿಲ್ಲ ಅಕ್ಕಾ, ನಮ್ಮದೇನೂ ತಪ್ಪಿಲ್ಲ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ನಾನು ನಂಬಿದೆ. ನಂಬಿದ್ದರಿಂದಲೇ ಮಂಗಳವಾರ ಬೇಕರಿಯಾಕೆಯನ್ನು ನೋಡಿ ಒಂದು ಸಮಾಧಾನದ ಮಾತು ಹೇಳಿಬರಲು ಹೋದೆ.

ನೀನು ಇನ್ನೂ ಹೋಗಿಲ್ಲ, ಅದಕ್ಕೇ ಹೇಳುತ್ತೇನೆ ಕೇಳು. ಒಲೆಯ ಕಬ್ಬಿಣದ ಬಾಗಿಲು ಸೊಟ್ಟಗಾಗಿ ತೆರೆದುಕೊಂಡಿದೆ. ಬೆಂಕಿ ಆರಿಸಿದ ನೀರಿಗೆ ಹಿಟ್ಟಿನ ಮೂಟೆಗಳು ಹಾಗೇ ಗಟ್ಟಿಯಾಗಿವೆ. ಆಕೆ ನೆಲದ ಮೇಲೆ ಕೂತು, ಮತ್ತೆ ಯಾವತ್ತೂ ಬಳಸಲಾಗದ ತಟ್ಟೆಗಳನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಲಕ್ವ ಹೊಡೆದ ಗಂಡ ಹೊರಗೆ ಕುರ್ಚಿಯಲ್ಲಿದ್ದರು. ನಾನು ಕಷ್ಟಪಟ್ಟು ಎರಡು ಮಾತು ಹೊರಡಿಸಿದ್ದೇ ತಡ, ಆಕೆ ತಲೆ ಎತ್ತಿ ನೋಡಿದರು. ‘ಯಾಕಕ್ಕಾ ಗಂಟಲು ಹಿಂಗಾಗಿದೆ? ಅವತ್ತು ಫೋನಲ್ಲಿ ಚೆನ್ನಾಗೇ ಮಾತಾಡಿದ್ರಲ್ಲ’ ಎಂದರು.

ಯಾವತ್ತು ಎಂದು ಕೇಳಿದೆ. ಕಳೆದ ತಿಂಗಳು, ಇಪ್ಪತ್ತನೇ ತಾರೀಕು ಎಂದರು. ನವೀಕರಣದ ಫಾರ್ಮ್ ಬಂದಿದೆ, ಆದರೆ ಗಂಡನನ್ನು ದಿನಾ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು, ಯಾವುದಕ್ಕೂ ಪುರುಸೊತ್ತಿಲ್ಲ ಎಂದು ಅವರು ಹೇಳಿದರಂತೆ. ‘ಏನೂ ಅವಸರ ಇಲ್ಲ, ನಿಧಾನವಾಗಿ ನೋಡೋಣ, ಮೊದಲು ಅವರನ್ನ ನೋಡ್ಕೊಳ್ಳಿ ಅಂದ್ರಲ್ಲಕ್ಕ ನೀವು. ನೀವು ಹಾಗಂದ ಮೇಲೆ ಫಾರ್ಮನ್ನ ಗಡಿಯಾರದ ಹಿಂದೆ ಸಿಕ್ಕಿಸಿಟ್ಟೆ. ಪ್ರತಿ ವರ್ಷ ನೀವೇ ಬಂದು ಸಹಿ ಹಾಕಿಸ್ಕೊಂಡು ಹೋಗ್ತಿದ್ರಿ. ಬರ್ತೀರಿ ಅಂದ್ಕೊಂಡೆ.’ ಬೈಯಲಿಲ್ಲ, ಅಳಲಿಲ್ಲ. ಹೇಳಿ ಮತ್ತೆ ತಟ್ಟೆ ಉಜ್ಜಲು ಶುರುಮಾಡಿದರು.

ಇಪ್ಪತ್ತನೇ ತಾರೀಕು ನಾನು ನೀರು ಬೇಕೆಂದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಆ ಸ್ಲೇಟು ತಂದುಕೊಟ್ಟವಳು ನೀನು.

ಆದರೂ ಅಲ್ಲಿ ನಾನು ಬಾಯಿ ಬಿಡಲಿಲ್ಲ. ಆ ಮಾತಾಡಿದ್ದು ನಾನಲ್ಲ ಎಂದು ಹೇಳಿದ್ದರೆ ನಿನ್ನ ಮರ್ಯಾದೆ ಹೋಗುತ್ತಿತ್ತು. ಅದಕ್ಕೆ ಅವರ ಬೆನ್ನು ಸವರಿ ಎದ್ದುಬಂದೆ. ಸುಟ್ಟ ಅಂಗಡಿಯಲ್ಲಿ ನಿಂತು ನಾನು ಉಳಿಸಲು ನೋಡಿದ್ದು ನಿನ್ನನ್ನು. ಇದನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಮರುದಿನ ನೀನು ಊಟಕ್ಕೆ ಹೋಗಿದ್ದಾಗ ಆಫೀಸಿಗೆ ಬಂದು ಕಂಪ್ಯೂಟರ್ ತೆರೆದೆ. ನಲವತ್ತಮೂರು ಕರೆಗಳು, ಎಲ್ಲವೂ ಸಾಫ್ಟ್‌ವೇರ್ ನನ್ನ ದನಿಯಲ್ಲಿ ಮಾಡಿದ್ದು. ಕಾರ್ಡಿನ ಮೂಲೆಯಲ್ಲಿ ನಾನು ಪೆನ್ಸಿಲ್ಲಿನಲ್ಲಿ ‘ನಿಧಾನ’ ಎಂದು ಬರೆದವರಿಗೆಲ್ಲ ಅದು ಅವಸರವಿಲ್ಲವೆಂದು ಹೇಳಿತ್ತು. ಒಬ್ಬೊಬ್ಬರ ಹೆಸರಿನ ಮುಂದೆಯೂ ಒಂದೇ ಸಾಲು: ‘ಗ್ರಾಹಕರಿಗೆ ಸಮಾಧಾನ ಹೇಳಲಾಗಿದೆ. ಮುಂದಿನ ಕ್ರಮದ ಅಗತ್ಯವಿಲ್ಲ.’

ಯಂತ್ರಕ್ಕೆ ಗೊತ್ತಿಲ್ಲದ್ದನ್ನು ನಾನು ದೂರುವುದಿಲ್ಲ. ನಿನಗೆ ಗೊತ್ತಿತ್ತು. ‘ನಿಧಾನ’ ಶುರುವಾದದ್ದೇ ನಿನ್ನಿಂದ. ಚಿಕ್ಕಂದಿನಲ್ಲಿ ಅಂಗಡಿಯವನ ಎದುರು ‘ಸೋಪು’ ಅನ್ನಲಾಗದೆ ನೀನು ಸ, ಸ, ಎಂದು ಕೆಂಪಾಗುತ್ತಿದ್ದೆ. ನಾನು ಮಣಿಕಟ್ಟು ಒತ್ತಿ ನಿಧಾನ ಎನ್ನುತ್ತಿದ್ದೆ. ನಿನಗೆ ನಿಧಾನ ಎಂದು ಹೇಳಿ, ಹಿಂದೆ ಗೊಣಗುವವರ ಕಡೆ ಕಣ್ಣು ಕೆಕ್ಕರಿಸಿ ನಿಲ್ಲುವುದು ನನ್ನ ಕೆಲಸವಾಗಿತ್ತು. ಏಜೆನ್ಸಿ ತೆರೆದ ಮೇಲೆ ಅದೇ ಮಾತು ಕಾರ್ಡಿಗೆ ಹೋಯಿತು. ಮನೆಯಲ್ಲಿ ಸಾವಾದವರು, ಕಾಯಿಲೆಯವರಿದ್ದವರು, ಕಾಗದ ಕಂಡರೆ ಕೈ ನಡುಗುವವರು. ಅವರಿಗೆ ಅವಸರವಿಲ್ಲ ಎಂದು ಹೇಳಿ ಆ ಅವಸರವನ್ನು ನಾವು ಹೊತ್ತುಕೊಳ್ಳುವುದು ಅಂತ ಅದರ ಅರ್ಥ. ಫೋನ್ ಇಟ್ಟ ತಕ್ಷಣ ನಾನು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ, ನೀನು ಫಾರ್ಮ್ ತುಂಬಿ ಕೈಗೆ ಕೊಡುತ್ತಿದ್ದೆ. ಇಪ್ಪತ್ತಮೂರು ವರ್ಷ ಹಾಗೆ ನಡೆಯಿತು. ಆ ಯಂತ್ರ ನನ್ನ ಮಾತು ಕಲಿಯಿತು. ಚಪ್ಪಲಿ ಮೆಟ್ಟಬೇಕು ಎನ್ನುವುದನ್ನು ನೆನಪಿಡಬೇಕಾದವಳು ನೀನು.

ನೀನು ಯಾಕೆ ಹೀಗೆ ಮಾಡಿದೆ ಎಂದು ನನಗೆ ಅರ್ಥವಾಗದೆ ಇಲ್ಲ. ಜೀವಮಾನವಿಡೀ ಫೋನ್ ರಿಂಗಾದರೆ ನನ್ನ ಮುಖ ನೋಡಿದವಳು ನೀನು. ನಾನು ಆಸ್ಪತ್ರೆ ಸೇರಿದ ಮೇಲೆ ಅದು ರಿಂಗಾಗುತ್ತಲೇ ಇತ್ತು. ನಿನ್ನ ಬದಲು ಎಲ್ಲೂ ತಡವರಿಸದೆ ಒಂದೇ ಉಸಿರಿಗೆ ಮಾತಾಡುವ ದನಿಯೊಂದು ಸಿಕ್ಕಾಗ ನಿನಗೆ ಎಷ್ಟು ಹಗುರವಾಗಿರಬೇಕು. ಆ ದಿನಗಳಲ್ಲಿ ನಿನ್ನ ಮುಖದಲ್ಲಿ ಒಂದು ಕಳೆ ಇತ್ತು. ನನಗೆ ಗುಣವಾಗುತ್ತಿದೆ ಎಂಬ ಖುಷಿ ಎಂದುಕೊಂಡಿದ್ದೆ. ದನಿ ಕೊಡು ಎಂದು ಕೇಳಿದ್ದರೆ ಕೊಡುತ್ತಿದ್ದೆ ಗುಬ್ಬಿ. ನೀನು ಕೇಳಿದ ಯಾವುದಕ್ಕೆ ಇಲ್ಲವೆಂದಿದ್ದೇನೆ? ಕೇಳದೆ ತೆಗೆದುಕೊಂಡೆ. ಸಾಯುವ ಅಕ್ಕನ ನೆನಪಿಗೆ ಎಂದು ನನ್ನನ್ನು ಅಳಿಸಿ ತೆಗೆದುಕೊಂಡೆ. ಈಗ ಅದೇ ದನಿ ಮಾಡಿದ ಅನಾಹುತವನ್ನು ನನ್ನ ಕೈಯಿಂದಲೇ ಮುಚ್ಚಿಸಲು ಬಂದಿದ್ದೀಯ.

ನಾನು ಸಹಿ ಹಾಕಿಲ್ಲ. ನಾನು ಸಹಿ ಹಾಕಿದರೆ ಬೇಕರಿಯಾಕೆಗೆ ಬಿಡಿಗಾಸೂ ಸಿಗುವುದಿಲ್ಲ, ಒಲೆ ಮತ್ತೆ ಹೊತ್ತುವುದಿಲ್ಲ. ಅದರ ಬದಲು ನನ್ನ ಕೈಯಾರೆ ಬೇರೆ ಹೇಳಿಕೆ ಬರೆದಿದ್ದೇನೆ. ಆ ಕರೆ ನಾನು ಮಾಡಿದ್ದಲ್ಲ, ನಮ್ಮ ಏಜೆನ್ಸಿಯ ಸಾಫ್ಟ್‌ವೇರ್ ನನ್ನ ದನಿಯಲ್ಲಿ ಮಾಡಿದ್ದು, ಕೊನೆಯ ದಿನಾಂಕವನ್ನು ಅದು ಹೇಳಲೇ ಇಲ್ಲ ಎಂದು. ಜೊತೆಗೆ ಡಾಕ್ಟರ ಚೀಟಿ ಇಟ್ಟಿದ್ದೇನೆ: ಕಳೆದ ತಿಂಗಳ ನಾಲ್ಕನೇ ತಾರೀಕಿನಿಂದ ನಾಲ್ಕು ವಾರ ಒಂದು ಮಾತೂ ಆಡಕೂಡದು. ಏಜೆನ್ಸಿಯ ತಪ್ಪಿನಿಂದ ಗ್ರಾಹಕರಿಗೆ ನಷ್ಟವಾದರೆ ತುಂಬಿಕೊಡಲೆಂದು ನಾವೇ ಮಾಡಿಸಿಟ್ಟ ಪಾಲಿಸಿ ಒಂದಿದೆಯಲ್ಲ, ಆ ಕಂಪನಿಗೆ ಇವತ್ತು ಬೆಳಗ್ಗೆ ನಾನೇ ಹೋಗಿ ಕೊಟ್ಟುಬಂದೆ. ಒಂದು ಪ್ರತಿ ಬೇಕರಿಯಾಕೆಗೂ ಕೊಟ್ಟೆ. ಈ ಸಲ ಬಾಯಿಬಿಟ್ಟು ಹೇಳಿದೆ. ಆಕೆ ಓದಿ, ‘ಹಂಗಾದ್ರೆ ಅವತ್ತು ನಾನು ಅತ್ತಿದ್ದು ಯಾರ ಹತ್ರ?’ ಎಂದು ಕೇಳಿದರು.

ಏಜೆನ್ಸಿಯ ಪರವಾನಗಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಬೋರ್ಡಿನ ಮೇಲೆ ಮೊದಲ ಹೆಸರು ನನ್ನದೇ ಆದ್ದರಿಂದ ಮೊದಲ ಏಟೂ ನನಗೇ ಬೀಳಲಿ. ಉಳಿದ ನಲವತ್ತೆರಡು ಜನರಲ್ಲಿ ಏಳು ಜನರ ಗಡುವು ಈ ತಿಂಗಳೇ ಇದೆ. ಐದು ಜನರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಇನ್ನಿಬ್ಬರ ವಿಳಾಸ ಇದರೊಳಗಿದೆ. ಶುಕ್ರವಾರದೊಳಗೆ ನೀನು ಹೋಗಬೇಕು. ಬಾಗಿಲಲ್ಲಿ ನಿಂತು ತೊದಲಿದರೆ ತೊದಲು. ಅವರು ಕಾಯುತ್ತಾರೆ. ಕಾಯದಿದ್ದರೆ ಫಾರ್ಮ್ ಚಾಚಿ ನಿಲ್ಲು.

ಸದ್ಯಕ್ಕೆ ಮನೆಗೆ ಬರಬೇಡ. ನಾನೇ ಹೇಳಿಕಳಿಸುವವರೆಗೆ ಬೇಡ.

ಇಂತು,
ನಿನ್ನ ಅಕ್ಕ
(ಇದು ನಾನೇ, ಕೈಬರಹ ನೋಡಿಕೋ)

ಮರೆತಿದ್ದೆ: ಮರೆತಿದ್ದೆ ಅನ್ನುವುದು ಸುಳ್ಳು, ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಔಷಧಿ ಅಂಗಡಿಯ ಫೋನಿನಿಂದ ನಮ್ಮ ಆಫೀಸಿಗೆ ಕರೆ ಮಾಡಿದೆ, ನಿನ್ನನ್ನು ಚೆನ್ನಾಗಿ ಬೈಯಬೇಕೆಂದು. ಆ ಕಡೆಯಿಂದ ಎತ್ತಿಕೊಂಡವಳೂ ನಾನೇ. ಆರು ವಾರದಿಂದ ಕೇಳದಿದ್ದ ನನ್ನ ದನಿ ನಮಸ್ಕಾರ ಎಂದಿತು. ಬೈಯಲು ಹೋದರೆ ಬರೀ ಬಿಕ್ಕು ಬಂತು. ಅದು ‘ಏನೂ ಅವಸರ ಇಲ್ಲ, ನಿಧಾನವಾಗಿ ಹೇಳಿ’ ಎಂದಿತು. ಅದು ಏನು, ಎಲ್ಲಿಂದ ಬಂತು ಎಂದು ಎಲ್ಲ ಗೊತ್ತಿದ್ದೂ ನನಗೆ ಸಮಾಧಾನವಾಯಿತು ಗುಬ್ಬಿ. ಅಳು ನಿಂತಿತು. ನನಗೇ ಹೀಗಾದರೆ ಆ ಬೇಕರಿಯಾಕೆ ಏನು ಮಾಡಿಯಾರು? ನಿನ್ನನ್ನು ಕ್ಷಮಿಸಲು ನನ್ನಿಂದ ಆಗದೆ ಇರುವುದು ಇದಕ್ಕೆ. ಆ ದನಿಯನ್ನು ಇವತ್ತೇ ನಿಲ್ಲಿಸು.